ಆಪಾ ಬರೆದಿಟ್ಟ ತಪ್ಪುಗಳು

ನನ್ನ ತಪ್ಪುಗಳನ್ನೆಲ್ಲ ಒಬ್ಬರು ಪುಸ್ತಕದಲ್ಲಿ ಬರೆದಿಟ್ಟಿದ್ದರು ಎಂದು ಎದೆಯುಬ್ಬಿಸಿ ಹೇಳಿಕೊಳ್ಳುವ ಮನುಷ್ಯ ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ನೀಲಿ ರಟ್ಟಿನ ಉದ್ದನೆಯ ನೋಟ್‌ಬುಕ್ಕು ಅದು. ಅದರ ಏಳನೇ ಪುಟ ನನ್ನದು. ಹೋದ ತಿಂಗಳು ಆಪಾ ತೀರಿಕೊಂಡರು. ನಲವತ್ತು ದಿನ ಕಳೆಯುವ ಮೊದಲೇ ಅವರ ಮಗಳು ಫೋನ್ ಮಾಡಿ ಶಿವಾಜಿನಗರದ ಮನೆಗೆ ಕರೆಸಿಕೊಂಡಳು. "ಅಣ್ಣಾ, ಇದನ್ನ ನಿಮ್ಗೇ ಕೊಡ್ಬೇಕು ಅಂತ ಅಮ್ಮಿ ಹೇಳಿದ್ರು, ರದ್ದಿಗೆ ಹಾಕ್ಬಿಟ್ಟೀಯ ಅಂತ ಮೂರು ಸಲ ಹೇಳಿದ್ರು" ಎಂದು ನೋಟ್‌ಬುಕ್ಕನ್ನು ಕೈಗಿಟ್ಟಳು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಪಕ್ಕದಲ್ಲಿ ಕೂತವನು ಇಣುಕಿ ನೋಡಿದಾಗ ಮುಚ್ಚಿಡಬೇಕು ಎಂದೇನೂ ಅನಿಸಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಂಕಿಯನ್ನೂ ಹೆಸರನ್ನೂ ಮಷೀನಿನ ಕೈಗೆ ಕೊಡಬೇಡ ಎಂಬುದು ಅವರು ಹೇಳಿಕೊಟ್ಟ ಮೊದಲ ಪಾಠ. ನಾನೀಗ ಬರೆಯುತ್ತಿರುವುದೂ ಮಷೀನಿನ ಮುಂದೆ ಕೂತೇ. ಆಫೀಸಿನಲ್ಲಿ ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ. ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಆಫೀಸಿನ ಯಜಮಾನರೂ ಆಪಾ ಎಂದೇ ಕರೆಯುತ್ತಿದ್ದರು.

ಆಫೀಸು ಎಂದರೆ ದೊಡ್ಡದೇನಲ್ಲ. ಶಿವಾಜಿನಗರದ ಬಸ್ ನಿಲ್ದಾಣದಿಂದ ಇನ್‌ಫೆಂಟ್ರಿ ರಸ್ತೆಯ ಕಡೆ ನಡೆದರೆ ಒಂದು ಓಣಿ. ಕೆಳಗೆ ಕನ್ನಡಕದ ಅಂಗಡಿ, ಮೇಲಿನ ಮಹಡಿಯಲ್ಲಿ ನಾವು. ವಕೀಲರ ಅರ್ಜಿ, ಜಮೀನಿನ ಹಳೆಯ ಪತ್ರಗಳ ಪ್ರತಿ, ಕಾಲೇಜಿನವರ ಥೀಸಿಸ್, ಯಾರೇ ಏನೇ ತಂದರೂ ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಡುವ ಜಾಗ. ಟೈಪಿಸ್ಟುಗಳಿಗೆ ಒಂಬತ್ತು ಕುರ್ಚಿ, ಮೂಲೆಯ ಕಿಟಕಿಯ ಪಕ್ಕದ ಹತ್ತನೆಯದು ಆಪಾದು. ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ರಸೆಲ್ ಮಾರ್ಕೆಟ್ಟಿನ ಹಿಂದಿನ ಬೀದಿಯಿಂದ ನಡೆದು ಬರುವರು. ಬುರ್ಖಾ ತೆಗೆದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕುವರು. ಕೆಂಪು ಪೆನ್ಸಿಲ್ಲು ಬಲಕ್ಕೆ, ನೀಲಿ ಪೆನ್ಸಿಲ್ಲು ಎಡಕ್ಕೆ ಇಟ್ಟುಕೊಂಡು ಬಿಸ್ಮಿಲ್ಲಾ ಎಂದು ಕಂಪ್ಯೂಟರಿನ ಗುಂಡಿ ಒತ್ತುವರು. ಟೀ ಬಂದಾಗ ಸಾಸರಿಗೆ ಸುರಿದು ಕುಡಿಯುವುದು ಬಿಟ್ಟರೆ ಅವರ ದಿನಚರಿಯಲ್ಲಿ ಬೇರೆ ಶೋಕಿ ಇರಲಿಲ್ಲ.

ಕಂಪ್ಯೂಟರು ಬಂದ ಕಥೆಯನ್ನು ನಾನು ಕಣ್ಣಾರೆ ಕಂಡವನಲ್ಲ, ಆದರೆ ಯಜಮಾನರ ಬಾಯಲ್ಲಿ ಇಪ್ಪತ್ತು ಸಲ ಕೇಳಿದ್ದೇನೆ. ಟೈಪ್‌ರೈಟರುಗಳನ್ನು ಗಾಡಿಗೆ ಹಾಕಿ ಕಳಿಸಿದ ದಿನ ಎಲ್ಲರೂ ಆಪಾ ಇನ್ನು ಬರುವುದಿಲ್ಲ ಎಂದುಕೊಂಡಿದ್ದರಂತೆ. ವಯಸ್ಸು ಆಗಲೇ ನಲವತ್ತು ದಾಟಿತ್ತು. ಕಂಪ್ಯೂಟರು ಮಾರಿದ ಕಂಪನಿಯ ಯುವಕನೊಬ್ಬ ಎರಡು ದಿನ ಬಂದು ಪಾಠ ಹೇಳಿದ. ಎರಡನೇ ದಿನ ಸಂಜೆ ಆಪಾ ಅವನನ್ನು ಒಂದೇ ಪ್ರಶ್ನೆ ಕೇಳಿದರು.

"ಒಂದೇ ತಪ್ಪನ್ನ ದಿನಾ ಮಾಡಿದ್ರೆ, ದಿನಾ ನಾನೇ ಕೂತ್ಕೊಂಡು ತಿದ್ಬೇಕಾ?"

"ಇಲ್ಲ ಮೇಡಂ, ಮ್ಯಾಕ್ರೋ ಅಂತ ಇರುತ್ತೆ. ನಾವು ಮಾಡೋ ಕೆಲಸಾನ ಸಾಲಾಗಿ ಬರೆದಿಟ್ರೆ, ಒಂದು ಕೀ ಒತ್ತಿದ ತಕ್ಷಣ ಮಷೀನು ತಾನೇ ಮಾಡುತ್ತೆ. ಆದ್ರೆ ಅದು ಟೈಪಿಸ್ಟ್‌ಗಳಿಗೆ ಬೇಕಾಗಲ್ಲ."

"ಬೇಕಾ ಬೇಡ್ವಾ ನಾನ್ ನೋಡ್ಕೋತೀನಿ. ಎಲ್ಲಿದೆ, ಅದನ್ನ ತೋರ್ಸು."

ಅವನು ದಪ್ಪದೊಂದು ಪುಸ್ತಕವನ್ನು ತೋರಿಸಿ ಹೊರಟುಹೋದ. ಆಪಾ ಅದಕ್ಕೆ ಶಾಲೆಯ ಪುಸ್ತಕಕ್ಕೆ ಹಾಕುವಂತೆ ಕಂದು ಕಾಗದದ ರಟ್ಟು ಹಾಕಿದರು. ಊಟದ ಹೊತ್ತಿನಲ್ಲಿ ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ತುತ್ತು. ಹೀಗೆ ಒಂದು ವರ್ಷ ಓದಿದರಂತೆ. ನಾನು ಸೇರುವ ಹೊತ್ತಿಗೆ ನಾನು ಕೂತದ್ದೊಂದು ಬಿಟ್ಟು ಉಳಿದ ಎಂಟು ಕುರ್ಚಿಗೂ ಒಂದೊಂದು ಮ್ಯಾಕ್ರೋ ಇತ್ತು. ಒಂದನೇ ಕುರ್ಚಿಯವರು ಟೈಪ್ ಮಾಡಿ ಮುಗಿಸಿದ ಮೇಲೆ ಆಲ್ಟ್ ಕೀ ಹಿಡಿದು ಒಂದನ್ನು ಒತ್ತಬೇಕು, ಎರಡನೆಯವರು ಎರಡನ್ನು. ಸೊನ್ನೆಯನ್ನು ಮಾತ್ರ ಯಾರಿಗೂ ಕೊಟ್ಟಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಎಲ್ಲರಿಗೂ ಸೇರಿ ಒಂದೇ ಮ್ಯಾಕ್ರೋ ಸಾಲದೇ ಎಂದು ಕೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಒಬ್ಬರ ಚಪ್ಪಲಿ ಇನ್ನೊಬ್ರು ಹಾಕ್ಕೋತಾರಾ? ನಿನ್ ಕಾಲು ನಿಂದು, ನಿನ್ ತಪ್ಪು ನಿಂದು" ಎನ್ನುವರು. ಮೂರನೇ ಕುರ್ಚಿಯ ಹುಡುಗಿ ಆವರಣ ಚಿಹ್ನೆ ತೆರೆದರೆ ಮುಚ್ಚುವುದನ್ನು ಮರೆಯುತ್ತಿದ್ದಳು. ಐದನೆಯವರು ಅವಸರದಲ್ಲಿ ಅಕ್ಕಪಕ್ಕದ ಎರಡಕ್ಷರ ಅದಲು ಬದಲು ಮಾಡುತ್ತಿದ್ದರು. ಪ್ರತಿಯೊಬ್ಬರ ರದ್ದಿ ಹಾಳೆಗಳನ್ನೂ ಆಪಾ ಬುಟ್ಟಿಯಿಂದ ತೆಗೆದು, ನೀಟಾಗಿ ಸುಕ್ಕು ಬಿಡಿಸಿ, ಅವರವರ ಪುಟದಲ್ಲಿ ತಪ್ಪುಗಳನ್ನು ನೀಲಿ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುವರು. ಒಂದು ತಪ್ಪು ಮೂರು ಸಲ ಬಂದರೆ ಅದಕ್ಕೆ ಕೆಂಪು ಗೆರೆ. ಕೆಂಪು ಗೆರೆ ಬಿದ್ದದ್ದು ಮ್ಯಾಕ್ರೋಗೆ ಸೇರುತ್ತಿತ್ತು.

ಇನ್ನು ನನ್ನ ವಿಷಯ. ಹಲಸೂರಿನ ಸಂತೆಯಲ್ಲಿ ಸೊಪ್ಪು ಮಾರುವವಳ ಮಗ ನಾನು. ನಮ್ಮ ವಂಶದಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದವರು ಅದುವರೆಗೆ ಯಾರೂ ಇರಲಿಲ್ಲ. ತೊಂಬತ್ತರ ದಶಕದ ನಡುವೆ ಈ ಆಫೀಸಿನಲ್ಲಿ ಏಳನೇ ಕುರ್ಚಿ ಸಿಕ್ಕಾಗ ಅಮ್ಮ ಕೊತ್ತಂಬರಿ ಕಟ್ಟಿನ ಜೊತೆಗೆ ಆ ಸುದ್ದಿಯನ್ನೂ ಎಲ್ಲರಿಗೂ ಕೊಸರಾಗಿ ಹಾಕಿಕೊಟ್ಟಳು. "ನಮ್ಮುಡ್ಗ ಕಂಪ್ಯೂಟರ್ ಮುಂದೆ ಕೂರ್ತಾನೆ, ಫ್ಯಾನಿದೆ" ಎಂದು. ಕುರ್ಚಿ ಹೋದರೆ ಅವಳು ಸಂತೆಯಲ್ಲಿ ತಲೆ ಎತ್ತುವ ಹಾಗಿರಲಿಲ್ಲ. ಅದು ಹೋಗುವ ಲಕ್ಷಣವೂ ಮೊದಲ ತಿಂಗಳಿಂದಲೇ ಇತ್ತು.

ಕಾರಣ ನನ್ನ ಬಲಗೈಯ ಉಂಗುರದ ಬೆರಳು. ಹದಿನಾರನೇ ವಯಸ್ಸಿನಲ್ಲಿ ಮೈದಾನದಲ್ಲಿ ಹೀರೋ ಆಗಲು ಹೋಗಿ ಕಾರ್ಕ್ ಬಾಲನ್ನು ಬರಿಗೈಯಲ್ಲಿ ಹಿಡಿದೆ. ಕ್ಯಾಚೂ ಹೋಯಿತು, ಬೆರಳಿನ ನಡುಗೆಣ್ಣೂ ಹೋಯಿತು. ಅಂದಿನಿಂದ ಅದು ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ. ಟೈಪಿಂಗಿನಲ್ಲಿ ಒಂದೊಂದು ಬೆರಳಿಗೂ ಅದರದೇ ಕೀಗಳು. ಆ ಬೆರಳಿನ ಪಾಲಿಗೆ ಬರುವ ಕೀಗಳಲ್ಲಿ ಫುಲ್‌ಸ್ಟಾಪೂ ಒಂದು. ನಾನು ಫುಲ್‌ಸ್ಟಾಪ್ ಒತ್ತಿದರೆ ಪಕ್ಕದ ಕಾಮಾ ಬೀಳುತ್ತಿತ್ತು. ಹಾಗಾಗಿ ನನ್ನ ವಾಕ್ಯಗಳು ಮುಗಿಯುತ್ತಲೇ ಇರಲಿಲ್ಲ. ಬೆರಳಿನ ವಿಷಯ ಹೇಳಿದರೆ ಆವತ್ತೇ ಮನೆಗೆ ಕಳಿಸುತ್ತಾರೆಂದು ಬಾಯಿ ಮುಚ್ಚಿಕೊಂಡಿದ್ದೆ. ಯಾರಾದರೂ ಹತ್ತಿರ ಬಂದರೆ ಕೈಯನ್ನು ಮೇಜಿನ ಕೆಳಗೆ ಇಳಿಸುತ್ತಿದ್ದೆ.

ಎರಡನೇ ತಿಂಗಳ ಕೊನೆಯಲ್ಲಿ ಯಜಮಾನರು ನನ್ನ ಹಾಳೆಗಳನ್ನು ಆಪಾ ಮೇಜಿನ ಮೇಲೆ ಹಾಕಿದರು. "ಆಪಾ, ಈ ಪಯ್ಯನಿಗೆ ಗಮನ ಇಲ್ಲ. ಈ ತಿಂಗ್ಳು ಮುಗೀಲಿ, ಬೇರೆಯವ್ರನ್ನ ನೋಡೋಣ" ಎಂದು ನನಗೂ ಕೇಳುವಂತೆ ಹೇಳಿ ಹೋದರು.

ಆ ವಾರವೆಲ್ಲ ನನ್ನ ಬುಟ್ಟಿ ಬರಿದಾಗುತ್ತಿತ್ತು. ಶನಿವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ನನ್ನನ್ನು ಕರೆದರು. ನೋಟ್‌ಬುಕ್ಕಿನ ಏಳನೇ ಪುಟ ತೆರೆದಿತ್ತು. ಅದರಲ್ಲಿ ಪದಗಳ ಪಟ್ಟಿ ಇರಲಿಲ್ಲ. ಅಡಿಪಟ್ಟಿ ಹಿಡಿದು ಬರೆದ ಕೀಬೋರ್ಡಿನ ಚಿತ್ರವಿತ್ತು. ಒಂದೊಂದು ತಪ್ಪಿಗೂ ಆಯಾ ಕೀಯ ಮೇಲೆ ಒಂದೊಂದು ಚುಕ್ಕೆ. ಎಡಗಡೆ ಹೆಚ್ಚುಕಡಿಮೆ ಖಾಲಿ. ಬಲಗಡೆ ಒಂದೇ ಸಾಲಿನಲ್ಲಿ, ಮೇಲಿನಿಂದ ಕೆಳಕ್ಕೆ, ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು.

"ಗಮನ ಇಲ್ದೋರ್ ತಪ್ಪು ಹಿಂಗ್ ಇರಲ್ಲ ಬೇಟಾ. ಎಲ್ಲಾ ಕಡೆ ಇರ್ತದೆ" ಎಂದರು. "ಕೈ ತೋರ್ಸು."

ತೋರಿಸಿದೆ. ಎರಡು ತಿಂಗಳು ಬಚ್ಚಿಟ್ಟ ಬೆರಳು. ಅವರು ಅದನ್ನು ಮುಟ್ಟಿ, ಮೆಲ್ಲಗೆ ಮಡಚಲು ನೋಡಿ, ಎಲ್ಲಿ ನಿಲ್ಲುತ್ತದೆಂದು ತಿಳಿದುಕೊಂಡರು. ನನಗೆ ಅಳು ಬಂತು. ಅದನ್ನೂ ನೋಡಿದರು. "ಅರೇ, ಅಳೋದು ನಕ್ಕೋ, ಅಳ್ಬೇಡ. ಇದಕ್ಕೆ ಡಾಕ್ಟ್ರು ಬೇಕಾಗಿಲ್ಲ, ಆರು ಲೈನ್ ಸಾಕು" ಎಂದು ಮಷೀನಿನ ಕಡೆ ತಿರುಗಿದರು.

ಆರು ಸಾಲು ಆಗಲಿಲ್ಲ, ಮೂವತ್ತಾಯಿತು. ಅದರಲ್ಲಿ ಮುಖ್ಯವಾದದ್ದನ್ನು ಇಂದಿಗೂ ಬಾಯಿಪಾಠ ಹೇಳಬಲ್ಲೆ. ಕಾಮಾ ಆದಮೇಲೆ ದೊಡ್ಡಕ್ಷರದಿಂದ ಶುರುವಾಗುವ ಪದ ಬಂದರೆ ಅಲ್ಲಿ ವಾಕ್ಯ ಮುಗಿದಿರಬಹುದು, ಕಾಮಾ ತೆಗೆದು ಫುಲ್‌ಸ್ಟಾಪ್ ಇಡು. ಆದರೆ ಇಡುವ ಮೊದಲು ನಿಲ್ಲು, ಕೇಳು. ಪರದೆಯ ಕೆಳಗಡೆ ಹೌದಾ ಇಲ್ಲವಾ ಎಂದು ಪ್ರಶ್ನೆ ಬರುತ್ತಿತ್ತು. ನಾನು ಉತ್ತರ ಕೊಟ್ಟರೆ ಮಾತ್ರ ಮುಂದಕ್ಕೆ. ಆಪಾ ಬರೆದ ಎಲ್ಲ ಮ್ಯಾಕ್ರೋಗಳಲ್ಲೂ ಈ ನಿಂತು ಕೇಳುವ ಸಾಲು ಇದ್ದೇ ಇರುತ್ತಿತ್ತು. "ಗೊತ್ತಿದ್ರೆ ತಿದ್ದು, ಡೌಟಿದ್ರೆ ಕೇಳು, ಅಂಕಿ ಹೆಸ್ರು ಮುಟ್ಬೇಡ" ಎನ್ನುವುದು ಅವರ ಮಂತ್ರ. ಮೂರನೇ ತಿಂಗಳು ನನ್ನ ಹಾಳೆಗಳು ತೊಳೆದಿಟ್ಟ ಹಾಗೆ ಬಂದವು. ಯಜಮಾನರು ನನ್ನನ್ನೂ ಹಾಳೆಯನ್ನೂ ಎರಡೆರಡು ಸಲ ನೋಡಿ, ಬೇರೆಯವರನ್ನು ಹುಡುಕುವ ಮಾತು ಬಿಟ್ಟರು. ಬೆರಳಿನ ಗುಟ್ಟನ್ನು ಆಪಾ ಅವರಿಗೆ ಹೇಳಲೇ ಇಲ್ಲ.

ಆ ಕಾಲದಲ್ಲಿ ಇಂದಿರಾನಗರದ ಸಾಫ್ಟ್‌ವೇರ್ ಕಂಪನಿಯೊಂದರ ಇಂಜಿನಿಯರ್ ಒಬ್ಬರು ತಮ್ಮ ತಂದೆಯ ಆತ್ಮಕಥೆ ಟೈಪ್ ಮಾಡಿಸಲು ಬರುತ್ತಿದ್ದರು. ಒಂದು ದಿನ ನನ್ನ ಮಷೀನು ಅಲ್ಲಲ್ಲಿ ನಿಂತು ಪ್ರಶ್ನೆ ಕೇಳುವುದನ್ನು ನೋಡಿ ಬೆರಗಾದರು.

"ಇದನ್ನ ಬರ್ಕೊಟ್ಟಿದ್ದು ಯಾವ್ ಕಂಪ್ನಿ?"

"ನಾನೇ" ಎಂದರು ಆಪಾ, ತಲೆ ಎತ್ತದೆ.

"ಎಲ್ಲಿ ಓದಿದ್ದು ಮೇಡಂ ನೀವು?"

"ಇಲ್ಲೇ, ಊಟದ್ ಟೈಮಲ್ಲಿ."

ಅವರು ನಗಲಿಲ್ಲ, ದೊಡ್ಡ ಮನುಷ್ಯರು. ತಮ್ಮ ಕಂಪನಿಗೆ ಬನ್ನಿ, ಮಾತಾಡುತ್ತೇನೆ ಎಂದು ಕಾರ್ಡು ಕೊಟ್ಟರು. ಆಪಾ ಕಾರ್ಡನ್ನು ಎರಡೂ ಕಡೆ ಓದಿ, ಕೈಮುಗಿದು ವಾಪಸು ಕೊಟ್ಟರು. "ಗೊತ್ತಿಲ್ದೋರ್ ತಪ್ಪು ನಾನ್ ಹೆಂಗ್ ತಿದ್ಲಿ ಸಾರ್? ಇವ್ರದ್ದಾದ್ರೆ ಗೊತ್ತು" ಎಂದು ನಮ್ಮ ಒಂಬತ್ತು ಕುರ್ಚಿಗಳ ಕಡೆ ಗದ್ದ ತೋರಿಸಿದರು. ಅಂದು ಸಂಜೆ ಶಿವಾಜಿನಗರದ ಬಸ್ ನಿಲ್ದಾಣದವರೆಗೂ ನಾನು ಕಾಲರ್ ಎತ್ತಿಕೊಂಡೇ ನಡೆದೆ. ತಪ್ಪು ಮಾಡುವುದರಲ್ಲೂ ಒಂದು ಗೌರವ ಇದೆಯೆಂದು ಗೊತ್ತಾದರೆ ಮನುಷ್ಯನಿಗೆ ಸೊಕ್ಕು ಬಾರದೆ ಇರುತ್ತದೆಯೇ?

ಸೊಕ್ಕು ಬಂದದ್ದರ ಫಲವನ್ನೂ ಹೇಳಬೇಕು. ನಮ್ಮ ಆಫೀಸಿನಿಂದ ಹೊರಡುವ ಪ್ರತಿ ಕೆಲಸದ ಕೊನೆಯ ಹಾಳೆಯ ಅಡಿಯಲ್ಲಿ ಎರಡು ಸಣ್ಣ ಗೆರೆ ಇರುತ್ತಿದ್ದವು. ಟೈಪ್ ಮಾಡಿದವರು, ಕಂಪೇರ್ ಮಾಡಿದವರು. ಕಂಪೇರ್ ಎಂದರೆ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪ್ರಿಂಟಿನ ಮೇಲೆ ಬೆರಳಿಟ್ಟು ಹೋಲಿಸುವುದು. ಆಮೇಲೆ ಇಬ್ಬರ ಇನಿಶಿಯಲ್. ಎರಡು ಬೇರೆ ಬೇರೆ ಕೈ ಇರಲೇಬೇಕು. ಕಂಪೇರ್ ಗೆರೆಯ ಮೇಲೆ ಆಪಾ ಇನಿಶಿಯಲ್ ಇದ್ದರೆ ವಕೀಲರು ಓದದೆಯೇ ಸಹಿ ಹಾಕುತ್ತಾರೆ ಎಂಬ ಮಾತಿತ್ತು.

ಸೇರಿ ಎರಡು ವರ್ಷವಾಗಿತ್ತು. ಕೆ.ಆರ್. ಪುರದ ಆಚೆಯ ಹಳೆಯ ಒಕ್ಕಲು ಮನೆತನದ ಜಮೀನು ಪಾಲಿನ ದಾವೆ ಬಂತು. ಮರುದಿನವೇ ಕೋರ್ಟಿಗೆ ಹಾಕಬೇಕು, ತಪ್ಪಿದರೆ ಗಡುವು ಮುಗಿಯುತ್ತದೆ. ದಾವೆ ಹೂಡಿದವರೇ ನಲವತ್ತೊಂದು ಜನ. ಟೈಪ್ ಮಾಡಿ ಮುಗಿಸಿ ಆಲ್ಟ್ ಏಳು ಒತ್ತಿದೆ. ಮಷೀನು ಹೆಜ್ಜೆಹೆಜ್ಜೆಗೂ ನಿಂತು ಹೌದಾ ಇಲ್ಲವಾ, ಹೌದಾ ಇಲ್ಲವಾ ಎನ್ನತೊಡಗಿತು. ನನಗೆ ರೇಗಿತು. ಅಷ್ಟೊತ್ತಿಗೆ ಮ್ಯಾಕ್ರೋ ತೆರೆದು ನೋಡುವಷ್ಟು ವಿದ್ಯೆ ಬಂದಿತ್ತು. ಕೇಳುವ ಸಾಲನ್ನು ಅಳಿಸಿಬಿಟ್ಟೆ. ಮತ್ತೆ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಮಷೀನೇ ತಿದ್ದಿದ ಮೇಲೆ ಹೋಲಿಸುವುದೇನು ಎಂದು ಎರಡೂ ಗೆರೆಯ ಮೇಲೆ ನನ್ನ ಇನಿಶಿಯಲ್ಲೇ ಜಡಿದು ವಕೀಲರ ಗುಮಾಸ್ತನಿಗೆ ಕೊಟ್ಟೆ. ಆಪಾ ಆಗ ನಮಾಜಿಗೆ ಹೋಗಿದ್ದರು.

ಮಧ್ಯಾಹ್ನ ಎರಡಕ್ಕೆ ಗುಮಾಸ್ತ ದಡದಡನೆ ಮೆಟ್ಟಿಲು ಹತ್ತಿ ಬಂದ.

"ಏನ್ರೀ ಇದು? ನಮ್ ಪಾರ್ಟಿ ನಲವತ್ತೊಂದು ಜನ. ನಿಮ್ ಪ್ರಿಂಟ್ ನೋಡಿದ್ರೆ ಊರಿಗೂರೇ ಬಂದು ಕೋರ್ಟಲ್ಲಿ ನಿಂತಂಗಿದೆ!"

ಆದದ್ದು ಇಷ್ಟು. ಹೆಸರು, ಕಾಮಾ, ಅಪ್ಪನ ಹೆಸರು, ಕಾಮಾ, ಊರಿನ ಹೆಸರು. ಹೆಸರುಗಳೆಲ್ಲ ದೊಡ್ಡಕ್ಷರದಿಂದಲೇ ಶುರುವಾಗುತ್ತವೆ. ಕೇಳುವ ಬಾಯಿಯನ್ನು ಕಿತ್ತುಕೊಂಡ ನನ್ನ ಮ್ಯಾಕ್ರೋ ಪ್ರತಿ ಕಾಮಾಗೂ ಫುಲ್‌ಸ್ಟಾಪ್ ಇಟ್ಟು, ಒಬ್ಬೊಬ್ಬರನ್ನು ಮೂರು ಮೂರು ತುಂಡು ಮಾಡಿತ್ತು. ಅಪ್ಪ ಬೇರೆ, ಮಗ ಬೇರೆ, ಊರು ಬೇರೆ. ಇದು ಅರವತ್ತು ಚಿಲ್ಲರೆ ಪುಟಗಳ ಉದ್ದಕ್ಕೂ ನಡೆದಿತ್ತು. ಯಜಮಾನರು ಬಾಗಿಲ ಕಡೆ ಕೈ ತೋರಿಸಿ, "ಬ್ಯಾಗ್ ತಗೊಂಡು ಹೊರಡಪ್ಪಾ" ಎಂದರು. ನನ್ನ ಕಣ್ಣ ಮುಂದೆ ಸಂತೆಯಲ್ಲಿ ಕೂತ ಅಮ್ಮ ಬಂದಳು.

ಆಪಾ ನನ್ನ ಪರ ವಹಿಸಿ ಸುಳ್ಳು ಹೇಳಬಹುದೆಂದು ಒಂದು ಕ್ಷಣ ಆಸೆಪಟ್ಟೆ. ಅವರು ಹಾಗೆ ಮಾಡುವವರಲ್ಲ. ಕೊನೆಯ ಹಾಳೆ ತೆಗೆದು ಎರಡು ಗೆರೆಗಳ ಮೇಲೂ ಇದ್ದ ನನ್ನ ಇನಿಶಿಯಲ್ ನೋಡಿ ಕನ್ನಡಕ ತೆಗೆದರು. ಕಾಮಾಗಳಿಗೆ ಬಾರದ ಸಿಟ್ಟು ಅವರಿಗೆ ಅದಕ್ಕೆ ಬಂತು.

"ಟೈಪ್ ಮಾಡಿದ್ದೂ ನೀನೇ, ನೋಡಿದ್ದೂ ನೀನೇ. ಕಳ್ಳಾನೂ ನೀನೇ, ಪೊಲೀಸೂ ನೀನೇ! ಕೇಳೋ ಲೈನ್ ಯಾಕೆ ತೆಗ್ದೆ?"

"ತುಂಬಾ ಲೇಟಾಗ್ತಿತ್ತು ಆಪಾ."

"ಕೇಳೋಕೆ ಪುರಸೊತ್ತಿಲ್ದೋರು ತಿದ್ದೋಕ್ ಹೋಗ್ಬಾರ್ದು." ಆಮೇಲೆ ಯಜಮಾನರ ಕಡೆ ತಿರುಗಿ, "ಇವ್ನು ಮಾಡಿದ್ದು ಸಾರ್, ಇವ್ನೇ ಸರಿ ಮಾಡ್ಲಿ. ಓದೋಕೆ ನಾನ್ ಕೂರ್ತೀನಿ" ಎಂದರು.

ನಾನು ಮಷೀನಿನ ಮುಂದೆ, ಅವರು ಪಕ್ಕದಲ್ಲಿ ಕರಡು ಹಿಡಿದು. "ಮುನಿಶಾಮಪ್ಪ, ಕಾಮಾ. ಪಿಳ್ಳಪ್ಪನ ಮಗ, ಕಾಮಾ" ಎಂದು ಶುರುಮಾಡಿದರು. ಒಂದೇ ದನಿ, ಒಂದೇ ವೇಗ, ನಡುವೆ ನೀರು ಸಹ ಕುಡಿಯಲಿಲ್ಲ. ವಾಕ್ಯ ಮುಗಿದಲ್ಲಿ ಮಾತ್ರ ಫುಲ್‌ಸ್ಟಾಪ್ ಎನ್ನದೆ "ಬಸ್" ಎನ್ನುವರು. ಸಾಕು ಎಂಬುದಕ್ಕೆ ಅವರ ಮನೆಮಾತಿನ ಪದ ಅದು. ಅಪ್ಪನ ಪಕ್ಕಕ್ಕೆ ಮಗ, ಮಗನ ಪಕ್ಕಕ್ಕೆ ಊರು ಒಂದೊಂದಾಗಿ ಬಂದು ಕೂತವು. ಸಂಜೆ ಆರಕ್ಕೆ ಗುಮಾಸ್ತ ಹೊಸ ಪ್ರಿಂಟು ತೆಗೆದುಕೊಂಡು ಓಡಿದ. ಯಜಮಾನರು ಇನ್ನೂ ಬಾಗಿಲಲ್ಲೇ ನಿಂತಿದ್ದರು, ನನ್ನ ಬ್ಯಾಗೂ ಮೇಜಿನ ಮೇಲೇ ಇತ್ತು.

"ಏಳನೇ ಪೇಜ್ ಇನ್ನೂ ಮುಗ್ದಿಲ್ಲ ಸಾರ್" ಎಂದರು ಆಪಾ ನೋಟ್‌ಬುಕ್ಕು ಮುಚ್ಚುತ್ತಾ. "ಮುಗಿದ್ಮೇಲೆ ನಾನೇ ಹೇಳ್ತೀನಿ, ಆಗ ಕಳ್ಸಿ."

ಯಜಮಾನರು ಸ್ಕೂಟರಿನ ಬೀಗದ ಕೈ ತೆಗೆದುಕೊಂಡು ಕೆಳಗಿಳಿದರು. ನಾನು ಥ್ಯಾಂಕ್ಸ್ ಹೇಳಲು ಬಾಯಿ ತೆರೆದರೆ ಆಪಾ ಕೈ ಅಡ್ಡ ಹಿಡಿದರು. "ಕಂಪೇರ್ ಗೆರೆ ಮೇಲೆ ಇನ್ಮೇಲೆ ನಿನ್ ಇನಿಶಿಯಲ್ ಹಾಕ್ಬೇಡ. ನಾನ್ ಹೇಳೋವರ್ಗೂ" ಎಂದು ಬುರ್ಖಾ ಹಾಕಿಕೊಂಡು ಹೊರಟರು. ಎಷ್ಟು ದಿನ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೀಗೆ ವರ್ಷಗಳು ಕಳೆದವು.

ಹೊಸ ಶತಮಾನ ಬಂತು. ಯಜಮಾನರಿಗೆ ಮಂಡಿನೋವು ಶುರುವಾಗಿ ಮಗ ವ್ಯವಹಾರ ವಹಿಸಿಕೊಂಡರು. ಆಫೀಸು ಇಂದಿರಾನಗರದ ಬಂಗಲೆಯೊಂದರ ಹಿಂಭಾಗಕ್ಕೆ ಹೋಯಿತು. ಒಂಬತ್ತು ಕುರ್ಚಿ ಹೋಗಿ ಐದಾಯಿತು. ಹೊಸ ವರ್ಡ್ ಪ್ರೊಸೆಸರು ಸಣ್ಣಪುಟ್ಟ ತಪ್ಪುಗಳನ್ನು ಕೇಳದೆಯೇ ತಿದ್ದತೊಡಗಿತು. ಅದನ್ನು ಕಂಡರೆ ಆಪಾಗೆ ಆಗುತ್ತಿರಲಿಲ್ಲ. ಊರಿನವರ ಹೆಸರನ್ನೆಲ್ಲ ತಪ್ಪೆಂದು ಕೆಂಪು ಗೆರೆ ಎಳೆಯುವ ಆ ಸೌಕರ್ಯವನ್ನು, "ಇದಕ್ಕೆ ನಮ್ಮೋರ್ ಪರಿಚಯ ಇಲ್ಲ" ಎಂದು ಮೊದಲ ದಿನವೇ ಬಂದ್ ಮಾಡಿದರು. ಹಳೆಯ ಮ್ಯಾಕ್ರೋಗಳನ್ನೆಲ್ಲ ಹೊಸ ಭಾಷೆಗೆ ಮತ್ತೆ ಬರೆದರು. ಈ ಸಲ ಪಕ್ಕದಲ್ಲಿ ನಾನೂ ಇದ್ದೆ. ಅರ್ಧ ಸಾಲುಗಳು ನನ್ನವು ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಿಲ್ಲ.

ಸಿ.ಎಂ.ಎಚ್. ರಸ್ತೆಯಲ್ಲಿ ಮೆಟ್ರೋಗೆ ಅಗೆಯತೊಡಗಿದ ವರ್ಷ ಆಪಾ ಕೈಯಲ್ಲಿ ನಡುಕ ಕಾಣಿಸಿತು. ಮೊದಲು ಸಾಸರಿನ ಟೀ ತುಳುಕಿತು. ಅವರು ಸಾಸರು ಬಿಟ್ಟು ಲೋಟದಲ್ಲೇ ಕುಡಿಯತೊಡಗಿದರು, ಯಾರಿಗೂ ಏನೂ ಹೇಳಲಿಲ್ಲ. ಆಮೇಲೆ ಅವರು ಟೈಪ್ ಮಾಡಿದ ಹಾಳೆಯೊಂದು ವಕೀಲರ ಕಚೇರಿಯಿಂದ ವಾಪಸು ಬಂತು. ಆಪಾ ಹಾಳೆ ವಾಪಸು ಬಂದದ್ದು ಅದೇ ಮೊದಲು. ಮುಂದಿನ ವಾರ ಇನ್ನೊಂದು ಬಂತು. ಮಷೀನು ಬಿಟ್ಟು ಬರೀ ಕಂಪೇರ್ ಮಾಡುತ್ತಾ ಕೂತರೂ ಯಾರೂ ಬೇಡ ಎನ್ನುತ್ತಿರಲಿಲ್ಲ. ಅವರು ಮಾತ್ರ ಮಷೀನು ಬಿಡಲಿಲ್ಲ.

ಯಜಮಾನರ ಮಗ ಒಳ್ಳೆಯವರೇ. ನನ್ನನ್ನು ಕರೆದು, "ಆಪಾ ಇನ್ನು ರೆಸ್ಟ್ ತಗೊಳ್ಲಿ. ಶನಿವಾರ ಚಿಕ್ಕದಾಗಿ ಫಂಕ್ಷನ್ ಮಾಡೋಣ, ಶಾಲು ತಂದಿದೀನಿ. ನೀವೇ ಹೆಂಗಾದ್ರೂ ಹೇಳಿ" ಎಂದರು.

"ಶುಕ್ರವಾರದ ಕೆಲಸ ಒಂದಿದೆ ಸಾರ್, ಮಹದೇವಪುರದವರ ಕ್ರಯಪತ್ರದ ಪ್ರತಿ. ಅದು ವಾಪಸ್ ಬಂದ್ರೆ ನಾನೇ ಹೇಳ್ತೀನಿ" ಎಂದೆ. ಮಾತು ಬಾಯಿಂದ ಬಿದ್ದ ಮೇಲೆ ಭಯವಾಯಿತು. ಆ ಕುರ್ಚಿ ಹೋಗುವುದೂ ಉಳಿಯುವುದೂ ಈಗ ಒಂದು ಪ್ರತಿಯ ಮೇಲೆ ನಿಂತಿತ್ತು.

ನಿಜ ಹೇಳಬೇಕೆಂದರೆ ಮೂರು ವಾರದಿಂದ ನಾನು ಕಳ್ಳತನ ಮಾಡುತ್ತಿದ್ದೆ. ಆಪಾ ಬುಟ್ಟಿಗೆ ಎಸೆದ ಹಾಳೆಗಳನ್ನು ಮನೆಗೆ ಒಯ್ದು, ಸುಕ್ಕು ಬಿಡಿಸಿ, ಅಡಿಪಟ್ಟಿ ಹಿಡಿದು ಕೀಬೋರ್ಡು ಬರೆದು ಚುಕ್ಕೆ ಇಡುತ್ತಿದ್ದೆ. ಚುಕ್ಕೆಗಳು ಒಂದು ಬೆರಳಿನ ಕೆಳಗೆ ಸೇರಲಿಲ್ಲ, ಎಲ್ಲ ಕಡೆಯೂ ಬಿದ್ದವು. ಆದರೆ ಗಮನವಿಲ್ಲದವರ ತಪ್ಪಲ್ಲ ಅದು. ಕೈ ನಡುಗಿದಾಗ ಕೀ ಎರಡು ಸಲ ಒತ್ತಿಹೋಗುತ್ತಿತ್ತು, ಒಂದಕ್ಷರ ಇರಬೇಕಾದಲ್ಲಿ ಎರಡು ಬೀಳುತ್ತಿದ್ದವು. ಅದಕ್ಕೊಂದು ಮ್ಯಾಕ್ರೋ ಬರೆದೆ. ಜೋಡಿ ಅಕ್ಷರ ಕಂಡಲ್ಲೆಲ್ಲ ನಿಲ್ಲುತ್ತದೆ, ಕೇಳುತ್ತದೆ. ಅಂಕಿಯ ಹತ್ತಿರ, ಹೆಸರಿನ ಹತ್ತಿರ ಸುಳಿಯುವುದಿಲ್ಲ. ಇನ್ನು ಅದನ್ನು ಯಾವ ಕೀಗೆ ಕಟ್ಟುವುದು? ಕೆಲಸ ಬಿಟ್ಟು ಹೋದವರ ಕೀಗಳಿಗೂ ಅವರವರ ಮ್ಯಾಕ್ರೋ ಇನ್ನೂ ಇತ್ತು, ಖಾಲಿ ಇದ್ದದ್ದು ಸೊನ್ನೆ ಒಂದೇ.

ಶುಕ್ರವಾರ ಆಪಾ ನಮಾಜು ಮುಗಿಸಿ ಬಂದು ಕ್ರಯಪತ್ರ ಟೈಪ್ ಮಾಡಿ ಮುಗಿಸಿದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಚುಕ್ಕೆ ಇಟ್ಟ ಕೀಬೋರ್ಡಿನ ಹಾಳೆಯನ್ನು ಅವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಯಾರ್ ಕೈ ಇದು?"

ಕೈ ತೋರಿಸಿ ಎನ್ನಲು ನನ್ನಂಥವನಿಗೆ ಸಾಧ್ಯವೇ? ಅವರೇ ಎರಡೂ ಕೈಗಳನ್ನು ಚಾಚಿ ಮೇಜಿನ ಮೇಲಿಟ್ಟರು. ಮೇಜಿನ ಮೇಲೂ ಬೆರಳುಗಳು ಅಲುಗುತ್ತಿದ್ದವು.

"ಯಾವ್ ಕೀ ಕೊಟ್ಟಿದೀಯ?"

"ಸೊನ್ನೆ, ಆಪಾ."

"ಅದನ್ನ ಯಾಕೆ ಖಾಲಿ ಬಿಟ್ಟಿದ್ದೆ ಗೊತ್ತಾ?" ಎಂದು ಕಿಟಕಿಯ ಕಡೆ ನೋಡಿದರು. "ಸೊಕ್ಕಿಗೆ ಬೇಟಾ. ಹತ್ತನೇ ಕುರ್ಚಿಗೆ ಅದು ಬೇಡ ಅನ್ನೋ ನನ್ ಸೊಕ್ಕಿಗೆ ಬಿಟ್ಟಿದ್ದೆ."

ಡ್ರಾಯರಿನಿಂದ ನೀಲಿ ನೋಟ್‌ಬುಕ್ಕು ತೆಗೆದರು. ಕೊನೆಯ ಖಾಲಿ ಪುಟದ ಮೇಲ್ಗಡೆ ನಡುಗುವ ಕೈಯಲ್ಲೇ ಸೊನ್ನೆ ಬರೆದು, ಪಕ್ಕದಲ್ಲಿ ತಮ್ಮ ಹೆಸರು ಬರೆದರು. ನೀಲಿ ಪೆನ್ಸಿಲ್ಲನ್ನು ನನ್ನ ಕೈಗಿಟ್ಟು, "ಒಂದೂ ಬಿಡ್ದಂಗೆ ಬರಿ" ಎಂದರು. ಆಮೇಲೆ ನನ್ನ ಮ್ಯಾಕ್ರೋವನ್ನು ತೆರೆದು ಸಾಲುಸಾಲಾಗಿ ಓದಿದರು, ಪರೀಕ್ಷೆಯ ಪೇಪರು ನೋಡುವಂತೆ. ಕೇಳುವ ಸಾಲಿನ ಮೇಲೆ ಬೆರಳಿಟ್ಟು ತಲೆಯಾಡಿಸಿದರು. ಆಲ್ಟ್ ಹಿಡಿದು ಸೊನ್ನೆ ಒತ್ತಿದರು.

ಮಷೀನು ನಿಂತಿತು, ಕೇಳಿತು. ಹೌದು ಎಂದರು. ಮತ್ತೆ ಕೇಳಿತು. ಇಲ್ಲ ಎಂದರು. ಒಂದೊಂದು ಪುಟಕ್ಕೆ ಹತ್ತಿಪ್ಪತ್ತು ಪ್ರಶ್ನೆ. ಒಂದಕ್ಕೂ ಬೇಸರಿಸದೆ ಉತ್ತರ ಕೊಟ್ಟರು. ಆ ಪ್ರತಿ ವಾಪಸು ಬರಲಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ಆ ಶಾಲು ಇನ್ನೂ ಎರಡು ವರ್ಷ ಯಜಮಾನರ ಮಗನ ಬೀರುವಿನಲ್ಲಿ ಕವರಿನೊಳಗೇ ಇತ್ತು. ಆಪಾ ತಾವಾಗಿ ಸಾಕು ಎಂದ ದಿನವೇ ಅದು ಹೊರಬಂತು.

ಆದರೆ ಆ ಶುಕ್ರವಾರ ಅಲ್ಲಿಗೆ ಮುಗಿಯಲಿಲ್ಲ. ಪ್ರಿಂಟು ಬಂದ ಮೇಲೆ ಆಪಾ ಮೂಲಪತ್ರವನ್ನು ಕೈಗೆತ್ತಿಕೊಂಡು, ಪ್ರಿಂಟನ್ನು ನನ್ನ ಕಡೆ ತಳ್ಳಿದರು. "ನಾನ್ ಓದ್ತೀನಿ, ನೀನ್ ನೋಡು." ಕಾಮಾ ಕಾಮಾ ಎನ್ನುತ್ತಾ, ಬಸ್ ಎನ್ನುತ್ತಾ ಕೊನೆಯವರೆಗೆ ಓದಿದರು. ನಾನು ಪ್ರತಿ ಸಾಲಿನ ಮೇಲೂ ಬೆರಳಿಟ್ಟು ನೋ‌ಡಿದೆ, ಅದೇ ಮಡಚದ ಬೆರಳು. ಒಂದು ತಪ್ಪೂ ಇರಲಿಲ್ಲ. ಕೊನೆಯ ಹಾಳೆಯಲ್ಲಿ ಟೈಪ್ ಮಾಡಿದವರು ಎಂಬ ಗೆರೆಯ ಮೇಲೆ ಅವರು ತಮ್ಮ ಇನಿಶಿಯಲ್ ಹಾಕಿ, ಹಾಳೆಯನ್ನು ತಿರುಗಿಸಿ ನನ್ನ ಮುಂದಿಟ್ಟರು. ಪಕ್ಕದ ಗೆರೆ ಖಾಲಿ ಇತ್ತು.

ಆ ಗೆರೆಯಿಂದ ನನ್ನನ್ನು ದೂರವಿಟ್ಟು ಹತ್ತು ವರ್ಷಕ್ಕೂ ಮೇಲಾಗಿತ್ತು. ನಾನು ಪೆನ್ನು ಹಿಡಿದೆ. ಹಾಳೆಯ ಮೇಲಿಟ್ಟ ಪೆನ್ನು ಅವರ ಕೈಗಿಂತ ಜೋರಾಗಿ ನಡುಗತೊಡಗಿತು. ಆಪಾ ನನ್ನ ಕೈಯನ್ನೇ ನೋಡುತ್ತಿದ್ದರು.

"ಅದಕ್ಕೆಲ್ಲ ಮ್ಯಾಕ್ರೋ ಇಲ್ಲ ಬೇಟಾ" ಎಂದರು. "ಹಂಗೇ ಹಾಕು."